ಚಿಯೋ-ಸಾನ್ ಕೇಳಬೇಕೆಂದಿದ್ದ ಒಂದು ಮಾತು

ಒಸಾಕಾ

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಪಾನ್ ನೋಡಿ ಬಂದ ಧೀರನೊಬ್ಬನ ಕಥೆ ಎಂದುಕೊಂಡು ಯಾರೂ ಓದಲು ಕೂರಬಾರದು. ಮೈಸೂರಿನ ಅಂಚೆ ಕಚೇರಿಗಳಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಯಾರ ಮನೆಗೋ ತಂತಿ ಬಂದರೆ ಅವರಿಗಿಂತ ಮೊದಲು ನಾನು ಬೆವರುತ್ತಿದ್ದೆ. ಲಿಫ್ಟ್ ಹತ್ತುವುದಿಲ್ಲ, ಬಾವಿಯೊಳಗೆ ಬಗ್ಗಿ ನೋಡುವುದಿಲ್ಲ, ಪಕ್ಕದ ಮನೆಯ ನಾಯಿ ಮಲಗಿದ್ದರೂ ರಸ್ತೆಯ ಆ ಬದಿಯಿಂದಲೇ ಹೋಗುತ್ತೇನೆ. ಅಂಥವನು ವಿಮಾನ ಹತ್ತಿ, ಭೂಮಿ ನಡುಗುವ ದೇಶಕ್ಕೆ ಹೋಗಿದ್ದೆ. ಅದೂ ಪ್ರಪಂಚದ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೆಟ್ಟುಹೋಗುತ್ತವೆ ಎಂದು ಪತ್ರಿಕೆಗಳು ದಿನಾ ಬರೆಯುತ್ತಿದ್ದ ಆ ವರ್ಷದ ಕೊನೆಯಲ್ಲಿ.

ಮಗಳು ವಿದ್ಯಾ ಆಗ ಒಸಾಕಾದಲ್ಲಿದ್ದಳು. ಬೆಂಗಳೂರಿನ ಕಂಪನಿಯೊಂದು ಅವಳನ್ನು ಅಲ್ಲಿನ ವಿಮಾ ಕಚೇರಿಯ ಹಳೆಯ ಪ್ರೋಗ್ರಾಂಗಳನ್ನು ತಿದ್ದಲು ಕಳಿಸಿತ್ತು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದರಂತೆ. ತೊಂಬತ್ತೊಂಬತ್ತು ಮುಗಿದು ಎರಡು ಸೊನ್ನೆ ಬಂದ ಕೂಡಲೇ ಯಂತ್ರ ನೂರು ವರ್ಷ ಹಿಂದಕ್ಕೆ ಹೋಗಿ ಕೂರುತ್ತದಂತೆ. "ಹಾಗಾದ್ರೆ ವಿಮಾನದ ಗತಿ?" ಎಂದು ಕೇಳಿದೆ. "ಅಪ್ಪಾ ಪ್ಲೀಸ್, ಅದನ್ನೆಲ್ಲ ಫಿಕ್ಸ್ ಮಾಡೋಕೇ ತಾನೇ ನಾವಿರೋದು? ನೀನು ಸುಮ್ನೆ ಟೆನ್ಷನ್ ಮಾಡ್ಕೋಬೇಡ" ಎಂದಳು. ಅವಳ ಮೇಲಧಿಕಾರಿ ಓಕಾದಾ-ಸಾನ್ (ನಾವು 'ಅವರು' ಎನ್ನುವ ಹಾಗೆ ಅಲ್ಲಿ ಹೆಸರಿಗೆ 'ಸಾನ್' ಸೇರಿಸುತ್ತಾರೆ) ಮಾತ್ರ ತಮ್ಮ ಮೇಜಿನ ಕೆಳಗೆ ನೀರಿನ ಬಾಟಲಿ, ಟಾರ್ಚು, ಬಿಸ್ಕತ್ತಿನ ಪೊಟ್ಟಣ ಜೋಡಿಸಿಟ್ಟುಕೊಂಡಿದ್ದರಂತೆ. ಆ ಮನುಷ್ಯನನ್ನು ನೋಡದೆಯೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಮಗಳನ್ನು ನೋಡುವುದಷ್ಟೇ ಆಗಿದ್ದರೆ ನಾನು ಮೈಸೂರು ಬಿಡುತ್ತಿರಲಿಲ್ಲ. ಅವಳೇ ಬರಲಿ ಎಂದು ಕಾಯುತ್ತಿದ್ದೆ. ನನ್ನನ್ನು ಹೊರಡಿಸಿದವರು ನಂಜತ್ತೆ.

ನಂಜತ್ತೆ ನನ್ನ ತಂದೆಯ ಚಿಕ್ಕಪ್ಪನ ಮಗಳು. ಆ ಚಿಕ್ಕಪ್ಪನ ಹೆಸರು ಶ್ರೀಕಂಠಯ್ಯ, ನನಗೆ ಚಿಕ್ಕತಾತ. ರೇಷ್ಮೆ ನೂಲು ತೆಗೆಯುವ ಹೊಸ ಪದ್ಧತಿ ಕಲಿತು ಬರುತ್ತೇನೆಂದು, ಮಗಳು ಇನ್ನೂ ತೊಟ್ಟಿಲಲ್ಲಿರುವಾಗ, ಅವರು ಜಪಾನಿಗೆ ಹಡಗು ಹತ್ತಿದರು. ಎರಡು ವರ್ಷ ಕಾಗದ ಬಂತು. ಆಮೇಲೆ ನಿಂತಿತು. ಹನ್ನೆರಡು ವರ್ಷ ಸುದ್ದಿಯಿಲ್ಲದವರನ್ನು ಹೋದವರೆಂದೇ ಎಣಿಸಬೇಕು ಎಂಬುದು ನಮ್ಮಲ್ಲಿ ಶಾಸ್ತ್ರ. ಅವರ ಅಣ್ಣ, ಅಂದರೆ ನನ್ನ ತಾತ, ಅಷ್ಟೂ ವರ್ಷ ಕಾದರು. ಕೊನೆಗೆ ದರ್ಭೆಯಲ್ಲಿ ತಮ್ಮನ ಬೊಂಬೆ ಮಾಡಿಸಿ, ಕಾವೇರಿಯ ದಂಡೆಯಲ್ಲಿ ಸುಟ್ಟು, ಕರ್ಮಗಳನ್ನೆಲ್ಲ ಮುಗಿಸಿದರು. ಚಿಕ್ಕಜ್ಜಿ ಗೌರಮ್ಮನ ಬಳೆ ಒಡೆದು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿದರು. ನನಗೆ ನೆನಪಿರುವ ಚಿಕ್ಕಜ್ಜಿ ಆ ಕೆಂಪು ಸೀರೆಯವರೇ, ಹಿತ್ತಲ ಕೋಣೆಯಲ್ಲಿ ಮಾತಿಲ್ಲದೆ ಸೊಪ್ಪು ಸೋಸುತ್ತಿದ್ದವರು. ಮರುವರ್ಷ ತಾತನೇ ಕನ್ಯಾದಾನ ಮಾಡಿ ನಂಜತ್ತೆಯ ಮದುವೆ ಮಾಡಿದರು. ಅವರ ಗಂಡ ಬಹಳ ದಿನ ಬಾಳಲಿಲ್ಲ. ಮಕ್ಕಳಿರಲಿಲ್ಲ. ತಿರುಗಿ ನಮ್ಮ ಮನೆಗೇ ಬಂದವರು ಇಂದಿಗೂ ನಮ್ಮ ಜೊತೆಯಲ್ಲೇ ಇದ್ದಾರೆ. ನಾನು ಹೊರಟಾಗ ಅವರಿಗೆ ಎಪ್ಪತ್ತೊಂದು.

ವಿದ್ಯಾ ಜಪಾನಿಗೆ ಹೋದ ಹೊಸದರಲ್ಲಿ ತಮಾಷೆಗೆಂಬಂತೆ ಅಲ್ಲಿನ ಕನ್ನಡಿಗರ ಈಮೇಲ್ ಗುಂಪಿಗೆ ಈ ಕಥೆ ಬರೆದು ಹಾಕಿದಳು. ಮೂರು ತಿಂಗಳ ಮೇಲೆ ಶೈಲಜಾ ಎಂಬುವರು ಉತ್ತರ ಬರೆದರು. ಇಶಿಕಾವಾ ಪ್ರಾಂತ್ಯದ ನೋಮಿ ಎಂಬಲ್ಲಿನ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅಲ್ಲಿನ ಹಳ್ಳಿಯೊಂದರ ಬೌದ್ಧ ದೇವಸ್ಥಾನದ ಮುದಿ ಅರ್ಚಕರು ಇವರ ಹಣೆಯ ಕುಂಕುಮ ನೋಡಿ, "ನಮ್ಮೂರಲ್ಲೂ ಒಬ್ಬ ಇಂಡಿಯಾದವನಿದ್ದ. ರೇಷ್ಮೆ ನೇಯುವ ಮನೆಯಲ್ಲಿ" ಎಂದಿದ್ದರಂತೆ. ಶೈಲಜಾ ಆ ಮನೆಯನ್ನು ಹುಡುಕಿಕೊಂಡು ಹೋಗಿ ಚಿಕ್ಕತಾತನ ಜಪಾನಿ ಮಗಳನ್ನು ಕಂಡಿದ್ದರು. ಚಿಯೋ-ಸಾನ್. ಅರವತ್ತೈದರ ಹೆಂಗಸು. ಮೈಸೂರಿನಿಂದ ನಿಮ್ಮ ತಂದೆಯ ಕಡೆಯವರು ಬರಬಹುದೇ ಎಂದು ಕೇಳಿದ್ದಕ್ಕೆ ಆಕೆ ಇಷ್ಟೇ ಹೇಳಿದರಂತೆ: "ಬರಲಿ. ಅವರನ್ನು ಕೇಳಬೇಕಾದ ಒಂದು ಮಾತಿದೆ."

ಆ ಒಂದು ವಾಕ್ಯ ನನ್ನ ನಿದ್ದೆ ಕೆಡಿಸಿತು. ಏನು ಕೇಳಬಹುದು? ಬದುಕಿದ್ದ ನಮ್ಮಪ್ಪನನ್ನು ಯಾಕೆ ಸುಟ್ಟಿರಿ ಎಂದೇ? ನನ್ನ ತಾತ, ಆಮೇಲೆ ನನ್ನ ತಂದೆ, ಉಂಡು ಓಡಾಡಿಕೊಂಡಿದ್ದ ಮನುಷ್ಯನಿಗೆ ವರ್ಷಾವರ್ಷ ಪಿಂಡ ಇಟ್ಟಿದ್ದರು. ಅದನ್ನು ಯಾವ ಬಾಯಲ್ಲಿ ಹೇಳುವುದು? ನಾನು ಹೋಗುವುದಿಲ್ಲ ಎಂದೆ. ನಂಜತ್ತೆ ಕೇಳಲಿಲ್ಲ. ಅವರೇ ನನ್ನ ಪೆಟ್ಟಿಗೆಗೆ ಅವಲಕ್ಕಿ, ಚಟ್ನಿಪುಡಿ ತುಂಬಿದರು. ಹೊರಡುವ ದಿನ ಬಾಗಿಲಲ್ಲಿ ನಿಲ್ಲಿಸಿ, "ಅಚ್ಚೂ, ಅಲ್ಲಿ ಏನು ಸಿಕ್ಕಿದ್ರೂ ಅಲ್ಲಿಂದ್ಲೇ ಫೋನ್ ಮಾಡಿ ಹೇಳು. ನನ್ನ ಮುಖ ನೋಡ್ಕೊಂಡು ಹೇಳೋಕೆ ನಿನ್ನ ಕೈಲಿ ಆಗಲ್ಲ" ಎಂದರು. ಆಗ ಆ ಮಾತು ನನಗೆ ಅರ್ಥವಾಗಲಿಲ್ಲ.

ರೈಲು

ಡಿಸೆಂಬರಿನಲ್ಲಿ ವಿದ್ಯಾಳ ಆಫೀಸಿನಲ್ಲಿ ಯಾರಿಗೂ ರಜೆಯಿರಲಿಲ್ಲ. ನಾನೊಬ್ಬನೇ ಹೋಗಬೇಕಾಗಿತ್ತು. ಅವಳು ಒಂದು ರಟ್ಟಿನ ಮೇಲೆ ಜಪಾನಿಯಲ್ಲಿ ಏನೋ ಬರೆದು ಕೊಟ್ಟಳು. "ಇದನ್ನ ಕಂಡಕ್ಟರ್‌ಗೆ ತೋರಿಸು. 'ಸುಮಿಮಾಸೆನ್', ಅಂದ್ರೆ ಕ್ಷಮಿಸಿ, ಅನ್ನು ಸಾಕು. ಕೊಮಾತ್ಸು ಸ್ಟೇಷನ್‌ನಲ್ಲಿ ಇಳಿಸ್ತಾರೆ. ಶೈಲಜಾ ಆಂಟಿ ಪ್ಲಾಟ್‌ಫಾರಂಗೇ ಬರ್ತಾರೆ. ಲೆಕ್ಕ ಹಾಕಿದ್ರೆ ನೀನು ಕಳೆದುಹೋಗೋಕೆ ಚಾನ್ಸೇ ಇಲ್ಲ." ಆ ಊರಲ್ಲಿ ಕಳೆದುಹೋದ ಒಬ್ಬರ ವಿಳಾಸ ಹುಡುಕಲು ನಮಗೆ ಎಪ್ಪತ್ತು ವರ್ಷ ಹಿಡಿದಿತ್ತು ಎಂಬುದನ್ನು ಅವಳಿಗೆ ನೆನಪಿಸಿದೆ.

ಜಪಾನಿನ ರೈಲಿನಲ್ಲಿ ಯಾರೂ ಮಾತನಾಡುವುದಿಲ್ಲ. ನಮ್ಮ ಮೈಸೂರು-ಬೆಂಗಳೂರು ಗಾಡಿಯಲ್ಲಾದರೆ ಮದ್ದೂರು ಬರುವಷ್ಟರಲ್ಲಿ ಎದುರಿನವರ ಮಗಳ ಜಾತಕ ನಮ್ಮ ಕೈಗೆ ಬಂದಿರುತ್ತದೆ. ಇಲ್ಲಿ ಇಡೀ ಬೋಗಿ ಪರೀಕ್ಷೆಯ ಕೋಣೆಯಂತಿತ್ತು. ಮಾತಿದ್ದರೆ ಹೆದರಿಕೆ ಸ್ವಲ್ಪ ಕರಗುತ್ತದೆ. ಮೌನದಲ್ಲಿ ಅದು ಉಬ್ಬುತ್ತದೆ. ದೊಡ್ಡ ಸರೋವರವೊಂದು ಕಿಟಕಿಯಲ್ಲಿ ಬಂದು ಹೋಯಿತು. ಆಮೇಲೆ ಗಾಡಿ ಒಂದು ಸುರಂಗಕ್ಕೆ ನುಗ್ಗಿತು. ನನಗೆ ಬರುವ ಶ್ಲೋಕಗಳನ್ನೆಲ್ಲ ಹೇಳಿ ಮುಗಿಸಿದೆ, ಸುರಂಗ ಮುಗಿಯಲಿಲ್ಲ. ಮಗ್ಗಿ ಶುರುಮಾಡಿದೆ. ಹದಿನೇಳರ ಮಗ್ಗಿಯ ಹೊತ್ತಿಗೆ ಬೆಳಕು ಬಂತು. ಸುರಂಗದ ಈಚೆ ಬೇರೆಯೇ ದೇಶ: ಆಕಾಶ ಕಪ್ಪಗೆ ಕವಿದು, ಗದ್ದೆಗಳ ಮೇಲೆ ಹಿಮ ಬಿದ್ದಿತ್ತು.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನ ತುಟಿ ಅಲ್ಲಾಡುವುದನ್ನು ಗಮನಿಸಿರಬೇಕು. ಚೀಲದಿಂದ ಎರಡು ಕಿತ್ತಳೆ ತೆಗೆದು, ಮಾತಿಲ್ಲದೆ, ನನ್ನ ಮುಂದಿನ ಪುಟ್ಟ ಹಲಗೆಯ ಮೇಲಿಟ್ಟರು. ರೈಲಿನಲ್ಲಿ ಅಪರಿಚಿತರು ಕೊಟ್ಟದ್ದನ್ನು ತಿನ್ನಬಾರದು ಎಂದು ನಮ್ಮ ರೈಲ್ವೆಯವರು ಸ್ಟೇಷನ್ನಿನ ಗೋಡೆಗೋಡೆಯ ಮೇಲೂ ಬರೆಸಿದ್ದಾರೆ. ಆ ಅಜ್ಜಿಯ ಮುಖ ನೋಡಿ ತಿಂದೆ. ಸಿಹಿಯಾಗಿತ್ತು.

ಕಂಡಕ್ಟರ್ ಬಂದಾಗ ರಟ್ಟು ತೋರಿಸಿದೆ. ಎರಡು ಕೈಯಲ್ಲಿ ತೆಗೆದುಕೊಂಡು, ಪೂರ್ತಿ ಓದಿ, ಬಗ್ಗಿ ನಮಸ್ಕರಿಸಿ ಹೋದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಅಧಿಕಾರಿಯನ್ನು ಕರೆದುಕೊಂಡು ಬಂದ. ಇಬ್ಬರೂ ಬಗ್ಗಿದರು. ಒಬ್ಬ ನನ್ನ ಪೆಟ್ಟಿಗೆ ಎತ್ತಿಕೊಂಡ, ಇನ್ನೊಬ್ಬ ಬಾಗಿಲ ಕಡೆ ಕೈ ತೋರಿಸಿದ. ನನ್ನನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ ಎಂದೇ ತಿಳಿದೆ. ವೀಸಾ, ಪಾಸ್‌ಪೋರ್ಟ್, ಅವಲಕ್ಕಿ, ಏನು ತಪ್ಪಾಗಿರಬಹುದೆಂದು ಲೆಕ್ಕ ಹಾಕುತ್ತಾ ಹಿಂದೆ ನಡೆದೆ. ಗಾಡಿ ನಿಂತಿತು. ಕೆಳಗೆ ಕುಂಕುಮವಿಟ್ಟ ಹೆಂಗಸೊಬ್ಬರು ದಪ್ಪ ಕೋಟಿನಲ್ಲಿ ನಿಂತಿದ್ದರು. ರಿಜಿಸ್ಟರ್ಡ್ ಅಂಚೆಯನ್ನು ವಿಳಾಸದಾರರಿಗೆ ಒಪ್ಪಿಸುವಂತೆ ನನ್ನನ್ನು ಅವರಿಗೆ ಒಪ್ಪಿಸಿ, ಮತ್ತೆ ಬಗ್ಗಿ, ಇಬ್ಬರೂ ರೈಲು ಹತ್ತಿದರು.

ನೋಮಿ

"ಅಂಕಲ್, ಯಾಕಿಷ್ಟು ಬೆವರ್ತಿದೀರಾ ಈ ಚಳಿಲಿ?" ಎಂದರು ಶೈಲಜಾ. ಬೆಂಗಳೂರಿನ ಬಸವನಗುಡಿಯವರು, ಮೂವತ್ತಾರು ಮೂವತ್ತೇಳು ವಯಸ್ಸು. ಆರು ವರ್ಷದಿಂದ ಇಲ್ಲಿದ್ದಾರೆ. ಅವರ ಕಾರಿನಲ್ಲಿ ಹೋಗುವಾಗ ರಸ್ತೆ ಬದಿಯ ಪೈನ್ ಮರಗಳಿಗೆಲ್ಲ ತುದಿಯಿಂದ ಹಗ್ಗ ಇಳಿಬಿಟ್ಟು ಒಂದೊಂದು ಕೊಂಬೆಯನ್ನೂ ಕಟ್ಟಿದ್ದು ಕಂಡಿತು. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲಿ ಎಂದು ಹಾಗೆ ಕಟ್ಟುತ್ತಾರಂತೆ. ಬರಲಿರುವ ಕಷ್ಟಕ್ಕೆ ಒಂದು ತಿಂಗಳು ಮೊದಲೇ ಮರವನ್ನು ಸಿದ್ಧಮಾಡುವ ಈ ಜನ ನನಗೆ ಹಿಡಿಸಿದರು.

ಅಷ್ಟರಲ್ಲಿ ಗುಡುಗಿತು. ಹಿಮ ಬೀಳುವಾಗ ಗುಡುಗುವುದನ್ನು ನಾನು ಕೇಳಿರಲಿಲ್ಲ. ಇಡೀ ಸಮುದ್ರವೇ ಹೊರಳಿದ ಹಾಗೆ ಶಬ್ದ. ನಾನು ಸೀಟಿನ ಪಟ್ಟಿ ಹಿಡಿದುಕೊಂಡೆ. ಹಿಂದಿನ ಸೀಟಿನಲ್ಲಿದ್ದ ಅವರ ಪುಟ್ಟ ಮಗಳು ಮೇಘನಾ, "ದಾಯ್ಜೋಬು, ದಾಯ್ಜೋಬು" ಎಂದು ನನ್ನ ಭುಜ ತಟ್ಟಿದಳು. "ಏನೂ ಆಗಲ್ಲ ಅಂತಿದಾಳೆ ಅಂಕಲ್. ಕನ್ನಡ ಎಲ್ಲ ಅರ್ಥ ಆಗುತ್ತೆ, ಬಾಯಿ ಬಿಟ್ರೆ ಮಾತ್ರ ಜಪಾನೀಸ್" ಎಂದರು ಶೈಲಜಾ. ಆರು ವರ್ಷದ ಮಗುವಿನ ಕೈಲಿ ಧೈರ್ಯ ಹೇಳಿಸಿಕೊಂಡು ನೋಮಿ ಸೇರಿದೆ.

ಮರುದಿನ ಬೆಳಿಗ್ಗೆ ಮೊದಲು ದೇವಸ್ಥಾನಕ್ಕೆ ಹೋದೆವು. ಆ ಮುದಿ ಅರ್ಚಕರಿಗೆ ಎಂಬತ್ತರ ಮೇಲೆ. ಸೀಮೆಎಣ್ಣೆ ಒಲೆಯ ಪಕ್ಕ ನಮ್ಮನ್ನು ಕೂರಿಸಿ ಚಹಾ ಕೊಟ್ಟು, ಊರಿನಲ್ಲಿ ತೀರಿಕೊಂಡವರ ಹೆಸರುಗಳಿದ್ದ ದಪ್ಪ ಪುಸ್ತಕವೊಂದನ್ನು ತೆಗೆದರು. ಅದರಲ್ಲಿ ಶ್ರೀಕಂಠಯ್ಯ ಎಂಬ ಹೆಸರಿರಲಿಲ್ಲ. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ಗಂಡನನ್ನು ತಂದು, ಅವನನ್ನೇ ಮಗನಾಗಿ ಸ್ವೀಕರಿಸಿ, ಮನೆತನದ ಹೆಸರನ್ನು ಅವನಿಗೆ ಕೊಟ್ಟುಬಿಡುತ್ತಾರಂತೆ. ನಮ್ಮ ಮನೆ ಅಳಿಯನ ಹಾಗೆ. ಆದರೆ ನಮ್ಮ ಮನೆ ಅಳಿಯನಿಗೆ ಮರ್ಯಾದೆ ಹೋದರೂ ಹೆಸರು ಉಳಿಯುತ್ತದೆ. ಚಿಕ್ಕತಾತ ರೇಷ್ಮೆ ನೇಯುವ ಕಿತಾಗಾವಾ ಮನೆಯ ಅಳಿಯನಾಗಿ, ಕಿತಾಗಾವಾ ಆಗಿಯೇ ತೀರಿಕೊಂಡಿದ್ದರು. ಪಕ್ಕದಲ್ಲಿ ಸಣ್ಣದಾಗಿ ಯಾರೋ ಬರೆದಿದ್ದ ಎರಡು ಪದಗಳನ್ನು ಅರ್ಚಕರು ಬೆರಳಿಟ್ಟು ಓದಿದರು: "ಇಂದೋ. ಮೈಸೂರು." ಇಂದೋ ಎಂದರೆ ಇಂಡಿಯಾ.

ಅವರು ತೀರಿಕೊಂಡು ಇಪ್ಪತ್ತಾರು ವರ್ಷವಾಗಿತ್ತು. ಅಂದರೆ ನಾವು ಬೊಂಬೆ ಸುಟ್ಟ ಮೇಲೂ ಮೂವತ್ತು ವರ್ಷ ಬದುಕಿದ್ದರು. ತಾರೀಖನ್ನು ಡೈರಿಯಲ್ಲಿ ಬರೆದುಕೊಂಡೆ. "ಒಳ್ಳೆಯ ಮನುಷ್ಯ," ಎಂದರು ಅರ್ಚಕರು. "ಹಬ್ಬದ ಊಟದಲ್ಲೂ ಮೀನು ಮುಟ್ಟುತ್ತಿರಲಿಲ್ಲ. ಅನ್ನ, ಮೂಲಂಗಿ ಉಪ್ಪಿನಕಾಯಿ. ಊರಿನ ಮಗ್ಗ ಯಾವುದು ಕೆಟ್ಟರೂ ಅವನೇ ಸರಿಮಾಡುತ್ತಿದ್ದ." ಎದ್ದು ಬರುವಾಗ ಶೈಲಜಾರನ್ನು ಕರೆದು ಇನ್ನೇನೋ ಹೇಳಿದರು. ಏನೆಂದು ಕೇಳಿದೆ. "ಚಿಯೋ-ಸಾನ್ ಏನು ಕೇಳಿದ್ರೂ ನಿಜ ಹೇಳೋಕೆ ಹೇಳಿ ಅಂದ್ರು ಅಂಕಲ್. ತುಂಬಾ ವರ್ಷದಿಂದ ಕಾಯ್ತಿದಾರಂತೆ."

ಹೆದರಿದವರ ಮೇಲೆ ಹಾವು ಎಸೆದರಂತೆ. ನನಗೆ ಅಲ್ಲಿಂದಲೇ ಒಸಾಕಾಗೆ ಹಿಂತಿರುಗಬೇಕೆನಿಸಿತು.

ಚಿಯೋ-ಸಾನ್ ಮನೆ

ಮರದ ಹಳೆಯ ಮನೆ. ಹೆಂಚು ಕಪ್ಪಗೆ ಮಿರುಗುತ್ತಿತ್ತು. ಮಗ್ಗಗಳಿದ್ದ ಉದ್ದನೆಯ ಚಾವಡಿ ಈಗ ಕಾರು ನಿಲ್ಲಿಸುವ ಜಾಗ. ಚಿಯೋ-ಸಾನ್ ಹೊಸ್ತಿಲ ಒಳಗೆ ಮಂಡಿಯೂರಿ ಕೂತು, ಎರಡೂ ಕೈ ನೆಲಕ್ಕೂರಿ ಬಗ್ಗಿದರು. ತಲೆ ಎತ್ತಿದಾಗ ಆ ಮುಖವನ್ನೇ ನೋಡುತ್ತಾ ನಿಂತೆ. ಬಣ್ಣ ಬಿಳುಪು, ಕಣ್ಣು ಚಿಕ್ಕವು, ಎಲ್ಲ ಜಪಾನಿಯೇ. ಆದರೆ ಮೂಗು, ಗದ್ದ, ಕಿವಿ ನಂಜತ್ತೆಯವು. ಕಿವಿಯಲ್ಲಿ ಓಲೆಯೊಂದಿರಲಿಲ್ಲ, ಅಷ್ಟೇ.

ಒಳಗೆ ಗೋಡೆಯ ಎತ್ತರಕ್ಕೆ ಚಿನ್ನದ ಬಣ್ಣದ ದೊಡ್ಡ ದೇವರ ಗೂಡು. ಅದರ ಮೇಲುಗಡೆ ಚಿಕ್ಕತಾತನ ಫೋಟೋ, ಕೋಟು ಟೈ ಹಾಕಿಕೊಂಡು. ಎದುರಿಗೆ ಅನ್ನದ ಪುಟ್ಟ ಬಟ್ಟಲು, ಹೂವು, ಊದುಬತ್ತಿ. ನಾನು ಅಡ್ಡಬಿದ್ದೆ. ಎದ್ದು ಕೂತ ಮೇಲೆ ಚಹಾ ಬಂತು, ಹುರುಳಿಯಂಥ ಕಾಳಿನ ಸಿಹಿ ಬಂತು. ಹವಾಮಾನದ ಮಾತಾಯಿತು. ಪ್ರಯಾಣದ ಮಾತಾಯಿತು. ಆಕೆ ಆ ಒಂದು ಮಾತನ್ನು ಕೇಳುತ್ತಿಲ್ಲ. ಎದುರಿಗೆ ಬೆನ್ನು ನೇರ ಮಾಡಿ ಕೂತು ನಗುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ, ಬಚ್ಚಲುಮನೆ ಎಲ್ಲಿ ಎಂದು ಕೇಳಿ ಅಲ್ಲಿ ಹೋಗಿ ಐದು ನಿಮಿಷ ಬಾಗಿಲು ಹಾಕಿಕೊಂಡು ನಿಂತೆ.

ವಾಪಸು ಬಂದು ಕೂತಾಗ ಇಬ್ಬರೂ ನನ್ನ ಕಾಲನ್ನೇ ನೋಡುತ್ತಿದ್ದರು. ಶೌಚಾಲಯದ ಒಳಗೆ ಮಾತ್ರ ಹಾಕಿಕೊಳ್ಳಬೇಕಾದ ಹಸಿರು ಚಪ್ಪಲಿ ನನ್ನ ಕಾಲಲ್ಲೇ ಇತ್ತು, ಅದೂ ಆ ದೇವರ ಗೂಡಿನ ಮುಂದೆ, ಆ ಶುಭ್ರವಾದ ಚಾಪೆಯ ಮೇಲೆ. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಚಿಯೋ-ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ತಾವೇ ಚಪ್ಪಲಿ ಎತ್ತಿಕೊಂಡು ಹೋಗಿ ಇಟ್ಟು ಬಂದರು. "ಅವರಪ್ಪನೂ ಮೊದಮೊದಲು ಹೀಗೇ ಮಾಡ್ತಿದ್ರಂತೆ. ಇವರ ಅಜ್ಜಿ ಹೇಳಿ ನಗ್ತಿದ್ರಂತೆ" ಎಂದರು ಶೈಲಜಾ. ನನಗೆ ನಗು ಬರಲಿಲ್ಲ.

ಆಮೇಲೆ ಆಕೆ ದೇವರ ಗೂಡಿನ ಕೆಳಗಿನ ಖಾನೆ ಎಳೆದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಲಕೋಟೆ ತೆಗೆದು, ನನ್ನ ಕಡೆಗೆ ತಿರುಗಿಸಿ, ಎರಡು ಕೈಗಳಿಂದಲೂ ಮುಂದಿಟ್ಟರು.

ಅಂಚೆಯವನ ಕಣ್ಣು ಮೊದಲು ಮುದ್ರೆ ನೋಡುತ್ತದೆ. ಜಪಾನಿನ ಮುದ್ರೆ, ಮದರಾಸಿನದು, ಮೈಸೂರಿನದು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಮಹಾಯುದ್ಧ ಮುಗಿದು ಮೂರು ವರ್ಷದ ಮೇಲಿನ ಕಾಗದ. ಇಂಗ್ಲಿಷಿನಲ್ಲಿ ನಮ್ಮ ಮನೆಯ ವಿಳಾಸ, ಅದರ ಕೆಳಗೆ ಕನ್ನಡದಲ್ಲಿ: "ಚಿ. ಸೌ. ಗೌರಮ್ಮನವರಿಗೆ." ಕುಂಕುಮ ಅಳಿಸಿ ಐದು ವರ್ಷವಾಗಿದ್ದ ಹೆಂಗಸಿಗೆ ಸೌಭಾಗ್ಯವತಿ ಎಂದು ಬರೆದ ಕಾಗದ. ಲಕೋಟೆಯ ಅಂಟು ಬಿಚ್ಚಿರಲಿಲ್ಲ. ಅದರ ಮೇಲೆ ಅಡ್ಡಡ್ಡವಾಗಿ, ನೀಲಿ ಪೆನ್ಸಿಲಿನಲ್ಲಿ ಒಂದು ಸಾಲು: "ಈ ಹೆಸರಿನವರು ಇಲ್ಲಿ ಯಾರೂ ಇಲ್ಲ. ವಾಪಸು ಕಳಿಸುವುದು."

ತಾತನೇ ಹೀಗೆ ಮಾಡಿರುತ್ತಾರೆ ಎಂದು ಆ ಕ್ಷಣಕ್ಕೆ ಅಂದುಕೊಂಡೆ. ಆದರೆ ತಾತನ ಅಕ್ಷರ ಬಲಕ್ಕೆ ವಾಲಿ ಮುಳ್ಳುಮುಳ್ಳಾಗಿರುತ್ತಿತ್ತು. ಇದು ದುಂಡನೆಯದು. ಒತ್ತುಗಳನ್ನು ಕೆಳಗೆ ಬಿಡಿಯಾಗಿ, ಮುದ್ದಾಗಿ ಇಟ್ಟದ್ದು. ನನಗೆ ಸ್ಲೇಟಿನ ಮೇಲೆ ಅ ಆ ತಿದ್ದಿಸಿದ ಅಕ್ಷರ. ಇವತ್ತಿಗೂ ನಮ್ಮ ಮನೆಯ ದಿನಸಿ ಚೀಟಿಯಲ್ಲಿ ತೊಗರಿಬೇಳೆ, ಹುಣಸೆಹಣ್ಣು ಎಂದು ಬರೆಯುವ ಅಕ್ಷರ. ಬರೆದವರು ನಂಜತ್ತೆ.

ಚಿಯೋ-ಸಾನ್ ಏನೋ ಕೇಳಿದರು. ಶೈಲಜಾ ಮೆಲ್ಲಗೆ ಹೇಳಿದರು: "ಅಂಕಲ್, ಇದೇ ಅವರ ಪ್ರಶ್ನೆ. ಆ ನೀಲಿ ಸಾಲು ಬರೆದಿದ್ದು ಯಾರು ಅಂತ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ನನ್ನ ಜೀವಮಾನವೆಲ್ಲ ನಾನು ದೊಣ್ಣೆ ತಪ್ಪಿಸಿಕೊಂಡೇ ಬಂದವನು. ಅತ್ತೆಯ ಹೆಸರು ಹೇಳಿದರೆ ಈಕೆ ಅವರನ್ನು ಶಪಿಸುತ್ತಾರೆ. ಎಪ್ಪತ್ತೊಂದರ ಮುದುಕಿ ಇನ್ನೆಷ್ಟು ಹೊರಬೇಕು? "ಪೋಸ್ಟ್‌ಮ್ಯಾನ್ ಬರೆದದ್ದು," ಎಂದೆ. "ವಿಳಾಸದಾರರು ಸಿಗದಿದ್ದರೆ ಹಾಗೆ ಬರೆದು ವಾಪಸು ಮಾಡ್ತಾರೆ. ನಮ್ಮ ಇಲಾಖೆಯ ಕ್ರಮ ಅದು. ಆ ನೀಲಿ ಪೆನ್ಸಿಲ್ಲೂ ಇಲಾಖೆಯದೇ."

ಮೂವತ್ತೊಂದು ವರ್ಷದ ಸರ್ವಿಸಿನ ಅಧಿಕಾರವನ್ನೆಲ್ಲ ದನಿಯಲ್ಲಿ ತುಂಬಿ ಹೇಳಿದ್ದೆ. ಶೈಲಜಾ ಅದನ್ನು ಜಪಾನಿಯಲ್ಲಿ ಹೇಳಿದರು. ಚಿಯೋ-ಸಾನ್ "ಸೋ ದೆಸು ಕಾ", ಹೌದೇ, ಎಂದು ತಲೆದೂಗಿದರು. ಲಕೋಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಅಂಗೈಯಿಂದ ಸವರಿದರು. ಬೆನ್ನು ಅಷ್ಟು ಹೊತ್ತು ನೇರವಾಗಿದ್ದದ್ದು ಸ್ವಲ್ಪ ಬಾಗಿತು. ಆಮೇಲೆ, ನಮ್ಮನ್ನು ನೋಡದೆ, ತಗ್ಗಿದ ದನಿಯಲ್ಲಿ ಮಾತನಾಡಿದರು. ಕೇಳುತ್ತಾ ಶೈಲಜಾರ ಮುಖ ಇಳಿದುಹೋಯಿತು.

"ಅಂಕಲ್... ಈ ಕವರ್ ವಾಪಸ್ ಬಂದಾಗ ಇವರಿಗೆ ಹದಿನಾಲ್ಕು ವರ್ಷವಂತೆ. ಅಪ್ಪ ಅದನ್ನ ನೋಡಿ ಮೊದ್ಲು ಅತ್ರಂತೆ, ಆಮೇಲೆ ನಕ್ರಂತೆ. 'ನನ್ನ ಹೆಂಡತಿಗೆ ಬರೆಯೋಕೆ ಬರಲ್ಲ. ಅಣ್ಣನ ಅಕ್ಷರ ನಂಗೊತ್ತು, ಇದು ಅವನದ್ದಲ್ಲ. ಇಂಥ ಎಳೇ ಅಕ್ಷರ ಬರೆಯೋರು ಆ ಮನೇಲಿ ಇನ್ಯಾರಿದಾರೆ? ಇದು ನನ್ನ ಮಗಳು ಬರೆದದ್ದು. ಬದುಕಿದಾಳೆ, ದೊಡ್ಡವಳಾಗಿದಾಳೆ, ಓದು ಬರಹ ಕಲಿತಿದಾಳೆ' ಅಂದ್ರಂತೆ. ಬರೀಬೇಡ ಅಂತ ಅವಳೇ ಹೇಳಿದ ಮೇಲೆ ಮತ್ತೆ ಬರೆದು ನೋಯಿಸಬಾರದು ಅಂತ ಆಮೇಲೆ ಬರೀಲಿಲ್ಲವಂತೆ. ಆದ್ರೆ ಈ ಕವರನ್ನ ಸಾಯೋವರೆಗೂ ಇಲ್ಲೇ ಇಟ್ಟುಕೊಂಡು, ಹೊಸ ವರ್ಷದ ದಿನ ತೆಗೆದು ಇವರಿಗೆ ತೋರಿಸ್ತಿದ್ರಂತೆ, ನಿನ್ನ ಅಕ್ಕನ ಅಕ್ಷರ ಅಂತ." ಶೈಲಜಾ ನನ್ನ ಕಡೆ ತಿರುಗಿದರು. "ಪೋಸ್ಟ್‌ಮ್ಯಾನ್ ಬರೆದದ್ದನ್ನ ಹಿಡ್ಕೊಂಡು ಅಪ್ಪ ಇಪ್ಪತ್ತೈದು ವರ್ಷ ಸಂತೋಷಪಟ್ರಲ್ಲ ಅಂತಿದಾರೆ."

ಜೀವನದಲ್ಲಿ ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ಸತ್ತವರ ಕೈಯಲ್ಲಿದ್ದ ಒಂದೇ ಒಂದು ಸುಖವನ್ನು ನಾನು ಅವರ ಫೋಟೋದ ಎದುರಿಗೇ ಕಿತ್ತುಕೊಂಡಿದ್ದೆ. "ಇಲ್ಲ," ಎಂದೆ. ದನಿ ಜೋರಾಯಿತು. "ಸುಳ್ಳು ಹೇಳಿದೆ ಅಂತ ಹೇಳಿ ಶೈಲಜಾ. ಹೆದರಿಕೆಯಿಂದ ಹೇಳಿದೆ. ಅದು ಪೋಸ್ಟ್‌ಮ್ಯಾನ್ ಬರೆದದ್ದಲ್ಲ. ಅವರಕ್ಕನೇ ಬರೆದದ್ದು. ಆ ಕೈ ನಂಗೆ ಗೊತ್ತು, ನಂಗೆ ಅಕ್ಷರ ಕಲಿಸಿದ ಕೈ ಅದು."

ಒಮ್ಮೆ ಶುರುವಾದ ಮೇಲೆ ಎಲ್ಲವನ್ನೂ ಹೇಳಿದೆ. ಹನ್ನೆರಡು ವರ್ಷದ ಶಾಸ್ತ್ರ, ದರ್ಭೆಯ ಬೊಂಬೆ, ಚಿಕ್ಕಜ್ಜಿಯ ತಲೆಗೂದಲು, ನಾವು ಇಟ್ಟ ಪಿಂಡಗಳು. ಬೈಯಲಿ, ಹೊರಗೆ ಹೋಗು ಎನ್ನಲಿ ಎಂದು ತಲೆ ತಗ್ಗಿಸಿ ಕೂತೆ. ಚಿಯೋ-ಸಾನ್ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಕಡೆಯಿಂದ ತಿರುಗಿ, ದೇವರ ಗೂಡಿನ ಮುಂದಿದ್ದ ಕಂಚಿನ ಬಟ್ಟಲನ್ನು ಒಂದು ಸಲ ಬಾರಿಸಿ, ಕೈಮುಗಿದು, ಫೋಟೋಗೆ ಏನೋ ಹೇಳಿದರು. ಮನೆಯ ದೊಡ್ಡ ಸುದ್ದಿಯನ್ನೆಲ್ಲ ಹೋದವರಿಗೆ ಹೀಗೆ ತಿಳಿಸುವುದು ಅಲ್ಲಿನ ರೂಢಿಯಂತೆ. "ಅಪ್ಪಾ, ನೀವು ಅಂದದ್ದೇ ಸರಿ, ಅಕ್ಕನೇ ಅಂತೆ ಅಂದ್ರು" ಎಂದರು ಶೈಲಜಾ. ಅವರ ಕಣ್ಣೂ ತುಂಬಿತ್ತು.

ಫೋನು ಚಿಯೋ-ಸಾನ್ ತಾವೇ ತಂದು ಮುಂದಿಟ್ಟರು. ಮೈಸೂರಿನಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ನಂಜತ್ತೆ ಒಂದು ರಿಂಗಿಗೇ ಎತ್ತಿದರು.

"ಅತ್ತೆ, ನಾನು ಅಚ್ಚು."

"ಗೊತ್ತು. ಸಿಕ್ತಾ?"

"ಏನು ಅತ್ತೆ?"

"ಲಕೋಟೆ ಕಣೋ."

ಲಕೋಟೆಯ ವಿಷಯ ಯಾರೂ ಅವರಿಗೆ ಹೇಳಿರಲಿಲ್ಲ. "ಸಿಕ್ತು" ಎಂದೆ.

"ಅಕ್ಷರ ನೋಡಿದ್ಯಾ?"

"ನೋಡ್ದೆ ಅತ್ತೆ."

ಅವರು ಉಸಿರು ಬಿಟ್ಟದ್ದು ಅಷ್ಟು ದೂರಕ್ಕೂ ಕೇಳಿಸಿತು. "ಗೌರಿ ಹಬ್ಬಕ್ಕೆ ಬಂದಿದ್ದೆ. ದೊಡ್ಡಪ್ಪ ಮನೇಲಿರ್ಲಿಲ್ಲ. ಅಮ್ಮ ಹಿತ್ಲಲ್ಲಿ ಪಾತ್ರೆ ಬೆಳಗ್ತಿದ್ಳು. ಅವಳಿಗೆ ಓದೋಕೆ ಬರ್ತಿತ್ತಾ? ನಾನೇ ಓದಿ ಹೇಳ್ಬೇಕಿತ್ತು. ತಲೆ ಬೋಳಿಸಿ ಕೂರಿಸಿದ್ವಲ್ಲೋ ಅವಳನ್ನ. 'ಅಮ್ಮಾ, ಅಪ್ಪ ಬದುಕಿದಾರೆ' ಅಂತ ಹೇಗೆ ಹೇಳ್ಲಿ? ಹೆದರ್ಬಿಟ್ಟೆ ಅಚ್ಚೂ. ಪೋಸ್ಟ್‌ಮ್ಯಾನ್ ಹತ್ರಾನೇ ಪೆನ್ಸಿಲ್ ಇಸ್ಕೊಂಡು ಬರ್ದೆ. ಊರೆಲ್ಲ ಸುಟ್ಟಿದ್ದು ಬೊಂಬೇನ. ಅವರನ್ನ ನಿಜವಾಗಿ ಸಾಯಿಸಿದ್ದು ನಾನು."

"ಇಲ್ಲ ಅತ್ತೆ" ಎಂದು, ಚಿಯೋ-ಸಾನ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅತ್ತದ್ದು, ನಕ್ಕದ್ದು, ನನ್ನ ಮಗಳು ಬರೆದದ್ದು ಎಂದದ್ದು, ಹೊಸ ವರ್ಷದ ದಿನ ತೆಗೆದು ತೋರಿಸುತ್ತಿದ್ದದ್ದು.

"ಒಡೆದಿದಾರಾ ಅದನ್ನ?"

"ಇಲ್ಲ. ಅಂಟು ಹಾಗೇ ಇದೆ."

"ಅವಳು ಕೊಟ್ರೆ ತಗೊಂಡು ಬಾ. ನಾನೇ ಒಡೀತೀನಿ. ಅಮ್ಮನ ಫೋಟೋ ಮುಂದೆ ಕೂತು ಓದ್ತೀನಿ." ಆಮೇಲೆ, ಆ ಮುದಿ ಗಂಟಲಿನಿಂದ ನಾನು ಎಂದೂ ಕೇಳಿರದ ಸಣ್ಣ ದನಿಯೊಂದು ಬಂತು. "ಅಚ್ಚೂ, ಅಕ್ಷರ ಹೇಗಿದೆ ಅಂದ್ರಂತೆ?"

ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಶೈಲಜಾರನ್ನು ಕೇಳಿದೆ. ಅವರು ಚಿಯೋ-ಸಾನ್‌ರನ್ನು ಕೇಳಿದರು. ಆಕೆ ಯೋಚಿಸಲೇ ಇಲ್ಲ. ಬೆರಳಿನಿಂದ ಗಾಳಿಯಲ್ಲಿ ಒಂದು ದುಂಡು ಬರೆದು ತೋರಿಸಿ, ತಂದೆಯ ಮಾತನ್ನು ಹಾಗೆಯೇ ಒಪ್ಪಿಸಿದರು. ಅದು ಜಪಾನಿಯಿಂದ ಕನ್ನಡಕ್ಕೆ ಬಂದು, ನನ್ನ ಬಾಯಿಂದ ಮೈಸೂರಿಗೆ ಹೋಯಿತು.

"'ನಾನು ಪಕ್ಕದಲ್ಲಿ ಕೂತು ಕಲಿಸದೇ ಇದ್ರೂ ನನ್ನ ಮಗಳು ಎಷ್ಟು ದುಂಡಗೆ ಬರೀತಾಳೆ ನೋಡು' ಅಂದ್ರಂತೆ ಅತ್ತೆ."

ನಂಜತ್ತೆ ಅಳುತ್ತಿದ್ದರು. ಅಳುತ್ತಲೇ, "ಇನ್ನೊಂದ್ಸಲ ಹೇಳು" ಎಂದರು.